ಅಪ್ಪನ ಸ್ಕೋರ್ ಬುಕ್ ಹಿಡಿದು ಬಳ್ಳಾರಿಯಿಂದ ರಾಯಚೂರಿಗೆ

ಮೊದಲ ದಿನ: ಬುಧವಾರ, 2024ರ ಅಕ್ಟೋಬರ್ 16, ಬಳ್ಳಾರಿ

ಬೆಳಗ್ಗೆ ಎಂಟಕ್ಕೆಲ್ಲ ಚೀಲ ಕಟ್ಟಿಕೊಂಡು ಕೂತಿದ್ದೆವು. ಬೆಂಗಳೂರಿನಲ್ಲಿ ಟಾಸ್ ಆಗುವುದನ್ನು ನೋಡಿಯೇ ಮನೆ ಬಿಡಬೇಕು ಅಂತ ಅಣ್ಣನ ಮಗಳ ಹಟ. ಟಾಸ್ ಆಗಲೇ ಇಲ್ಲ. ಫೋನಿನಲ್ಲಿ ಹೊದಿಕೆ ಹೊದ್ದು ಮಲಗಿದ ಪಿಚ್ಚು, ಅದರ ಮೇಲೆ ಬಿಡದೆ ಸುರಿಯುವ ಮಳೆ. ಚಿನ್ನಸ್ವಾಮಿ ಕ್ರೀಡಾಂಗಣದಲ್ಲಿ ಭಾರತ–ನ್ಯೂಜಿಲೆಂಡ್ ಟೆಸ್ಟಿನ ಮೊದಲ ದಿನ ಒಂದೇ ಒಂದು ಚೆಂಡೂ ಬೀಳದೆ ಮುಗಿಯಿತು. ನಮ್ಮ ಪ್ರಯಾಣವೂ ಒಂದು ದಿನ ಮುಂದಕ್ಕೆ ಹೋಯಿತು. ದಸರಾ ರಜೆ ಇನ್ನೂ ಭಾನುವಾರದ ತನಕ ಇತ್ತು, ಅವಸರವೇನಿರಲಿಲ್ಲ.

ಹೋಗಬೇಕಿದ್ದದ್ದು ರಾಯಚೂರಿಗೆ. ಅಪ್ಪ ತೀರಿಕೊಂಡ ಮೇಲೆ ಅವರ ಟ್ರಂಕಿನಲ್ಲಿ ಹತ್ತೊಂಬತ್ತು ಸ್ಕೋರ್ ಬುಕ್ ಸಿಕ್ಕವು. ಅದರಲ್ಲಿ ಎಲ್ಲಕ್ಕಿಂತ ಹಳೆಯದು 1974ರ ನವೆಂಬರಿನದು. ಬೆಂಗಳೂರಿನ ಆ ಮೈದಾನದಲ್ಲಿ ನಡೆದ ಮೊಟ್ಟಮೊದಲ ಟೆಸ್ಟ್, ಭಾರತ–ವೆಸ್ಟ್ ಇಂಡೀಸ್. ಅಪ್ಪ ಮತ್ತು ಅವರ ಗೆಳೆಯರೊಬ್ಬರು ಬಳ್ಳಾರಿಯಿಂದ ರೈಲು ಹತ್ತಿ ಅದನ್ನು ನೋಡಲು ಹೋಗಿದ್ದರು. ಆದರೆ ಪುಸ್ತಕ ಅರ್ಧಕ್ಕೇ ನಿಂತಿದೆ. ಭಾರತದ ಮೊದಲ ಇನ್ನಿಂಗ್ಸಿನ 260ರ ತನಕ ಅಪ್ಪನ ದುಂಡನೆಯ ಅಕ್ಷರ, ಆಮೇಲೆ ಖಾಲಿ ಹಾಳೆ. ಹಾಕಿದ್ದ ರಜೆ ಮುಗಿದಿತ್ತು, ವಾಪಸು ಬಂದುಬಿಟ್ಟರು. ಗೆಳೆಯರು ಉಳಿದರು. ಆ ಗೆಳೆಯರೇ ಈಗ ರಾಯಚೂರಿನಲ್ಲಿದ್ದಾರೆ. ಕೊನೆಯ ದಿನಗಳ ಹಾಳೆ ಅವರ ಹತ್ತಿರ ಇದೆಯಾ ಅಂತ ಫೋನಿನಲ್ಲಿ ಕೇಳಿದ್ದಕ್ಕೆ, ‘ನೀ ಬಾ, ಕೂತು ಹುಡುಕೋಣು’ ಅಂದಿದ್ದರು.

ಮಳೆಯ ದಿನ ಮನೆಯಲ್ಲಿ ಕೂತು ಏನು ಮಾಡುವುದು ಅಂತ ಮಧ್ಯಾಹ್ನ ಹುಡುಗಿಯನ್ನು ಕರೆದುಕೊಂಡು ಮೈದಾನಕ್ಕೆ ಹೋದೆ. ಅವಳಿಗೆ ಹದಿನಾಲ್ಕು, ಲೆಗ್ ಸ್ಪಿನ್ ಹಾಕುತ್ತಾಳೆ. ನಮ್ಮೂರಿನ ಮೈದಾನ ಅಂದರೆ ಕೆಂಪು ಮಣ್ಣು, ನಡುವೆ ಹಾಸಿದ ನಾರಿನ ಮ್ಯಾಟು, ಹಿಂದೆ ಬೋಳು ಬಂಡೆಯ ಕೋಟೆ ಗುಡ್ಡ. ಮ್ಯಾಟಿನ ಅಂಚಿಗೆ ಬಡಿದ ಗೇಣುದ್ದದ ಮೊಳೆಗಳನ್ನು ಆಟಕ್ಕೆ ಮುಂಚೆ ಒಂದೊಂದಾಗಿ ಕಾಲಿನಿಂದ ಒತ್ತಿ ನೋಡಬೇಕು. ಒಂದು ಸಡಿಲವಾದರೂ ಮ್ಯಾಟು ಮಡಚಿಕೊಂಡು ಚೆಂಡು ಎಲ್ಲಿಗೋ ಹಾರುತ್ತದೆ. ಮ್ಯಾಟಿನ ಮೇಲೆ ಚೆಂಡು ಚೆನ್ನಾಗಿ ತಿರುಗುತ್ತದೆ, ಎದೆಮಟ್ಟ ಏಳುತ್ತದೆ. ಇಲ್ಲಿ ಕಲಿತವರು ಹುಲ್ಲಿನ ಪಿಚ್ಚಿಗೆ ಹೋದಾಗ ಮೊದಲ ಒಂದು ವಾರ ಕೈ ಬರುವುದಿಲ್ಲ. ಇದು ನಮ್ಮ ಸೀಮೆಯ ಎಷ್ಟೋ ಮಕ್ಕಳ ಕಥೆ. ಅದನ್ನು ನಾನು ಇಪ್ಪತ್ತು ವರ್ಷದಿಂದ ನೋಡುತ್ತಲೇ ಇದ್ದೇನೆ, ಪ್ರತಿ ಸಲವೂ ಹೊಟ್ಟೆ ಉರಿಯುತ್ತದೆ.

ಕಾಯುತ್ತ ಕೂತಾಗ ಅವಳಿಗೆ ಹೇಳಿದೆ: ಈ ಬಳ್ಳಾರಿ 1953ರ ಅಕ್ಟೋಬರ್ 1ರ ತನಕ ಮದ್ರಾಸಿನ ಸೀಮೆ. ನಾವು ಹೋಗುವ ಕೊಪ್ಪಳ, ರಾಯಚೂರು 1956ರ ತನಕ ಹೈದರಾಬಾದಿನವು. ಬೆಂಗಳೂರಿನ ಮೈದಾನ ನಮ್ಮದು ಅಂತ ಅನ್ನಿಸಲಿಕ್ಕೆ ನಮ್ಮ ಹಿರಿಯರಿಗೆ ಸ್ವಲ್ಪ ಕಾಲ ಹಿಡಿಯಿತು. ಅನ್ನಿಸಿದ್ದು ಯಾವಾಗ ಅಂತ ಅಪ್ಪ ದಿನ ಹಿಡಿದು ಹೇಳುತ್ತಿದ್ದರು. 1973ರ ನವೆಂಬರಿನಲ್ಲಿ ಮೈಸೂರು ರಾಜ್ಯ ಕರ್ನಾಟಕವಾಯಿತು, ಅದೇ ಋತುವಿನಲ್ಲಿ ರಣಜಿ ತಂಡದ ಹೆಸರೂ ಕರ್ನಾಟಕ ಆಯಿತು. ಸೆಮಿಫೈನಲ್ ಬೆಂಗಳೂರಿನಲ್ಲಿ, ಎದುರಿಗೆ ಹದಿನೈದು ವರ್ಷ ಒಂದೇ ಸಮನೆ ಕಪ್ ಗೆದ್ದಿದ್ದ ಬಾಂಬೆ. ಭದ್ರಾವತಿಯ ವಿಶ್ವನಾಥ್ 162 ಹೊಡೆದರು, ಪ್ರಸನ್ನ ಗಾವಸ್ಕರ್ ಅವರ ಸ್ಟಂಪ್ ಎಬ್ಬಿಸಿದರು. ಜೈಪುರದಲ್ಲಿ ರಾಜಸ್ಥಾನವನ್ನೂ ಸೋಲಿಸಿ ಕರ್ನಾಟಕ ಮೊದಲ ಸಲ ರಣಜಿ ಗೆದ್ದಿತು. ‘ಆವತ್ತು ನಾ ಕನ್ನಡದವ ಅಂತ ಕಾಲರ್ ಎತ್ತಿ ತಿರುಗ್ಯಾಡಿದೆ’ ಅನ್ನುತ್ತಿದ್ದರು. ಅದಾಗಿ ಎಂಟು ತಿಂಗಳಿಗೇ ಅಲ್ಲಿ ಟೆಸ್ಟ್ ಬಂತು. ಮನೆಯಲ್ಲಿ ಸುಳ್ಳು ಹೇಳಿಯಾದರೂ ಹೋಗದೆ ಇರುವುದು ಹೇಗೆ?

ಎರಡನೇ ದಿನ: ಗುರುವಾರ, ಬಳ್ಳಾರಿ–ಹೊಸಪೇಟೆ–ಕೊಪ್ಪಳ

ವಾಲ್ಮೀಕಿ ಜಯಂತಿ. ಊರು ದಾಟುವಷ್ಟರಲ್ಲಿ ಎರಡು ಕಡೆ ಡೊಳ್ಳು, ಹೂವಿನ ಟ್ರ್ಯಾಕ್ಟರು, ಬಸ್ಸು ನಿಧಾನ. ಬೆಂಗಳೂರಿನಲ್ಲಿ ಮಳೆ ಬಿಟ್ಟಿತ್ತು, ಮೋಡ ಬಿಟ್ಟಿರಲಿಲ್ಲ. ರೋಹಿತ್ ಶರ್ಮಾ ಟಾಸ್ ಗೆದ್ದು ಬ್ಯಾಟಿಂಗ್ ಆರಿಸಿಕೊಂಡರು ಅಂತ ತೆರೆಯ ಮೇಲೆ ಬಂದಾಗ ಸ್ಕೋರ್ ಬುಕ್ ತೊಡೆಯ ಮೇಲಿಟ್ಟುಕೊಂಡೆ. ಅಪ್ಪನಂತೆ ನಾನೂ ಟೆಸ್ಟ್ ಮ್ಯಾಚ್ ಅಂದರೆ ಚೆಂಡುಚೆಂಡಿಗೂ ಬರೆಯುವವನು. ಓಡುವ ಬಸ್ಸಿನಲ್ಲಿ ಚುಕ್ಕಿ ಗೆರೆಯಾಗುತ್ತದೆ, ಆದರೂ ಬರೆಯುತ್ತೇನೆ.

ಸ್ಕೋರ್ ಬುಕ್ ಬರೆಯದವರಿಗಾಗಿ ಹೇಳುತ್ತೇನೆ. ರನ್ ಬಾರದ ಚೆಂಡಿಗೆ ಚುಕ್ಕಿ. ಆರೂ ಚೆಂಡು ಖಾಲಿ ಹೋದರೆ ಮೇಲೆ ಮೂರು, ಕೆಳಗೆ ಮೂರು ಇಟ್ಟ ಆ ಚುಕ್ಕಿಗಳನ್ನು ಗೆರೆಯಿಂದ ಕೂಡಿಸಿ ಇಂಗ್ಲಿಷಿನ ಎಂ ಅಕ್ಷರ ಮಾಡುತ್ತೇವೆ, ಅದು ಮೇಡನ್. ಅದರಲ್ಲೇ ವಿಕೆಟ್ಟೂ ಬಿದ್ದರೆ ಚುಕ್ಕಿಗಳನ್ನು ತಿರುಗಾಮುರುಗಾ ಕೂಡಿಸಿ ಡಬ್ಲ್ಯು. ಆವತ್ತು ನನ್ನ ಹಾಳೆಯಲ್ಲಿ ಅಂಕಿಗಳೇ ಇರಲಿಲ್ಲ, ಬರೀ ಚುಕ್ಕಿ. ಮಳೆ ಬಂದಾಗ ನೆಟ್ಟ ರಾಗಿ ಪೈರಿನಂತೆ ಸಾಲುಸಾಲು ಚುಕ್ಕಿ. ರೋಹಿತ್ 2. ಕೊಹ್ಲಿ ಸೊನ್ನೆ. ಸರ್ಫರಾಜ್ ಸೊನ್ನೆ. ತೋರಣಗಲ್ಲು ದಾಟಿದಾಗ ಮೂರು ವಿಕೆಟ್ ಹೋಗಿದ್ದವು.

ಹೊಸಪೇಟೆಯಲ್ಲಿ ಬಸ್ಸು ಬದಲಿಸಿ ಮುನಿರಾಬಾದಿನಲ್ಲಿ ಇಳಿದೆವು. ತುಂಗಭದ್ರಾ ಅಣೆಕಟ್ಟೆ ನೋಡಬೇಕಿತ್ತು. ಆಗಸ್ಟ್ 10ರ ರಾತ್ರಿ ಹತ್ತೊಂಬತ್ತನೇ ಕ್ರೆಸ್ಟ್ ಗೇಟು ಚೈನು ತುಂಡಾಗಿ ಕೊಚ್ಚಿ ಹೋದಾಗ ನಮ್ಮ ಮೂರು ಜಿಲ್ಲೆಯ ರೈತರು ಒಂದು ವಾರ ನಿದ್ದೆ ಮಾಡಿರಲಿಲ್ಲ. ಹರಿಯುವ ನೀರಿನಲ್ಲೇ ಕಬ್ಬಿಣದ ತಡೆ ಇಳಿಸಿ ನಿಲ್ಲಿಸಿದರು, ಮತ್ತೆ ಮಳೆ ಬಂತು, ಕಟ್ಟೆ ತುಂಬಿತು. ಈಗ ಕಣ್ಣಿಗೆ ನಿಲುಕುವಷ್ಟೂ ನೀರು. ಅದನ್ನು ನೋಡುತ್ತ ನಿಂತಿದ್ದಾಗ ಹುಡುಗಿ ಫೋನು ಚಾಚಿದಳು: ಊಟದ ವಿರಾಮ, 6 ವಿಕೆಟ್ಟಿಗೆ 34.

ಕೊಪ್ಪಳದ ಬಸ್ಸಿನಲ್ಲಿ ಸೀಟು ಹಿಡಿದು ಕೂರುವಷ್ಟರಲ್ಲಿ ಮುಗಿದೇ ಹೋಯಿತು. ಕಂಡಕ್ಟರ್ ಟಿಕೆಟ್ ಹರಿಯುತ್ತ ಕೇಳಿದ, ‘ಎಷ್ಟಾತ್ರಿ?’

‘ನಲವತ್ತಾರು.’

‘ಎಷ್ಟ್ ವಿಕೆಟ್ಟಿಗೆ?’

‘ಎಲ್ಲಾ.’

ಅವನು ಟಿಕೆಟ್ ಕೊಡುವ ಕೈ ಹಾಗೇ ಹಿಡಿದು ಒಂದು ಗಳಿಗೆ ನಿಂತ.

31.2 ಓವರ್, 46 ರನ್. ಐದು ಜನ ಸೊನ್ನೆಗೆ ಔಟ್. ಮ್ಯಾಟ್ ಹೆನ್ರಿ 15 ರನ್ನಿಗೆ 5, ವಿಲ್ ಓರೂರ್ಕ್ 22ಕ್ಕೆ 4. ತವರಿನಲ್ಲಿ ಭಾರತದ ಅತಿ ಕಡಿಮೆ ಮೊತ್ತ ಅದು. 1987ರಲ್ಲಿ ದೆಹಲಿಯಲ್ಲಿ ವೆಸ್ಟ್ ಇಂಡೀಸ್ ಎದುರು ಆಗಿದ್ದ 75 ಹಿಂದೆ ಬಿತ್ತು. ಏಷ್ಯಾದ ನೆಲದಲ್ಲೇ ಯಾವ ತಂಡವೂ ಟೆಸ್ಟಿನಲ್ಲಿ ಇಷ್ಟು ಕಡಿಮೆಗೆ ಆಲ್‌ಔಟ್ ಆಗಿರಲಿಲ್ಲ.

‘ಇದು ಗೇಲ್ ಹೊಡ್ದ ಗ್ರೌಂಡೇ ಏನು ಕಾಕಾ?’ ಅಂದಳು ಹುಡುಗಿ. ಅವಳಿಗೆ ಆ ಮೈದಾನ ಅಂದರೆ ಐಪಿಎಲ್. 2013ರ ಏಪ್ರಿಲ್ 23ರಂದು ಕ್ರಿಸ್ ಗೇಲ್ 66 ಎಸೆತಕ್ಕೆ 175, ಅದರಲ್ಲಿ ಹದಿನೇಳು ಸಿಕ್ಸರ್. ನೂರು ಆದದ್ದು 30ನೇ ಚೆಂಡಿಗೆ. ಆರು ತಿಂಗಳು ಕಳೆದ ಮೇಲೆ ಆಸ್ಟ್ರೇಲಿಯಾ ಎದುರು ಏಕದಿನ ಪಂದ್ಯದಲ್ಲಿ ರೋಹಿತ್ 209, ಹದಿನಾರು ಸಿಕ್ಸರ್. 2024ರ ಏಪ್ರಿಲ್ಲಿನಲ್ಲಿ ಹೈದರಾಬಾದಿನವರು ಇಪ್ಪತ್ತೇ ಓವರಿಗೆ 287, ಬೆನ್ನಟ್ಟಿದ ಬೆಂಗಳೂರು 262. ಅವಳು ಕೇಳಿದ್ದು ನ್ಯಾಯವಾದ ಪ್ರಶ್ನೆ.

ಉತ್ತರ ಮಣ್ಣಿನಲ್ಲೂ ಗಾಳಿಯಲ್ಲೂ ಇದೆ. ಬೆಂಗಳೂರು ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದ ಊರು, ತೆಳು ಗಾಳಿಯಲ್ಲಿ ಹೊಡೆದ ಚೆಂಡು ದೂರ ಹೋಗುತ್ತದೆ. ಬೌಂಡರಿಯೂ ಹತ್ತಿರ. ಒಣ ಪಿಚ್ಚು, ಬಿಳಿ ಚೆಂಡು ಇದ್ದರೆ ಬೌಲರಿಗೆ ಉಳಿಗಾಲವಿಲ್ಲ. ಆದರೆ ಮಳೆಗೆ ಹೊದಿಕೆಯ ಕೆಳಗೇ ಬೆವರಿದ ಪಿಚ್ಚು, ಮೇಲೆ ಕವಿದ ಮೋಡ, ಕೈಯಲ್ಲಿ ಹೊಸ ಕೆಂಪು ಚೆಂಡು, ಎಸೆಯುವವರು ಆರಡಿ ದಾಟಿದ ನ್ಯೂಜಿಲೆಂಡಿನವರು ಆದಾಗ ಆ ಮೈದಾನವೇ ಬೇರೆ. ಚೆಂಡು ಗಾಳಿಯಲ್ಲೂ ಓಲಾಡಿತು, ನೆಲ ಮುಟ್ಟಿಯೂ ಓಲಾಡಿತು. ಇಷ್ಟೆಲ್ಲ ಮಳೆ ಬಿದ್ದೂ ಗುರುವಾರ ಸರಿಯಾದ ಹೊತ್ತಿಗೆ ಆಟ ಶುರುವಾದದ್ದಕ್ಕೂ ಕಾರಣ ನೆಲದೊಳಗೇ ಇದೆ. 2017ರಲ್ಲಿ ಹುಲ್ಲಿನ ಕೆಳಗೆ ಕೊಳವೆ ಹೂತು, ಯಂತ್ರದಿಂದ ನೀರು ಹೀರುವ ಸಬ್‌ಏರ್ ವ್ಯವಸ್ಥೆ ಮಾಡಿದ್ದಾರೆ. ನಮ್ಮೂರಿನಲ್ಲಿ ಒಂದು ಹದ ಮಳೆಯಾದರೆ ನಾಲ್ಕು ದಿನ ಆಟವಿಲ್ಲ.

ಸಂಜೆ ಕೊಪ್ಪಳದ ಸೋದರತ್ತೆಯ ಮನೆಯಲ್ಲಿ ಬಿಸಿ ರೊಟ್ಟಿ, ಪುಂಡಿಪಲ್ಯ. ನ್ಯೂಜಿಲೆಂಡ್ 3ಕ್ಕೆ 180. ಹುಡುಗಿ ಸ್ಕೋರ್ ಬುಕ್ ನೋಡಿ, ಈ ಹಾಳೆ ಹರಿದು ಒಗೆದುಬಿಡೋಣ ಅಂದಳು. ಅಪ್ಪ ಇದ್ದಿದ್ದರೆ ಅವರಿಗೆ ನಿಜಕ್ಕೂ ಸಿಟ್ಟು ಬರುತ್ತಿತ್ತು. ಗೆದ್ದದ್ದನ್ನು ಊರೆಲ್ಲ ನೆನಪಿಡುತ್ತದೆ, ಸೋತದ್ದನ್ನು ಬರೆದಿಡುವವನು ಬೇಕು ಅನ್ನುತ್ತಿದ್ದರು. ನಾನು ಆ ಹಾಳೆಯ ಚುಕ್ಕಿಗಳನ್ನು ರಾತ್ರಿ ಕೂತು ಮತ್ತೊಮ್ಮೆ ಎಣಿಸಿ ಲೆಕ್ಕ ತಾಳೆ ಹಾಕಿದೆ.

ಮೂರನೇ ದಿನ: ಶುಕ್ರವಾರ, ಕೊಪ್ಪಳ

ಬೆಳಗ್ಗೆ ಗವಿಮಠಕ್ಕೆ ಹೋಗಿ ಬಂದೆವು. ಜನವರಿಯ ಜಾತ್ರೆಯಲ್ಲಿ ಕಾಲಿಡಲು ಜಾಗವಿಲ್ಲದ ಬಯಲು ಈಗ ಖಾಲಿ. ನಾಲ್ಕು ಹುಡುಗರು ಟೆನಿಸ್ ಬಾಲಿನಲ್ಲಿ ಆಡುತ್ತಿದ್ದರು. ನಮ್ಮ ಹುಡುಗಿ ಕೇಳದೇ ಹೋಗಿ ಎರಡು ಓವರ್ ಹಾಕಿ ಬಂದಳು.

ಉಳಿದ ದಿನವೆಲ್ಲ ಅತ್ತೆಯ ಮನೆಯ ಟಿವಿಯ ಮುಂದೆ. ರಚಿನ್ ರವೀಂದ್ರ 134, ನ್ಯೂಜಿಲೆಂಡ್ 402. ಅವನ ಅಪ್ಪ-ಅಮ್ಮ ಬೆಂಗಳೂರಿನವರು, ಅಜ್ಜ-ಅಜ್ಜಿಯ ಮನೆ ಅಲ್ಲೇ ಅಂತ ಹೇಳಿದ್ದಕ್ಕೆ ಅತ್ತೆ, ‘ಹಂಗಾರ ನಮ್ಮ ಹುಡುಗನ ಅನ್ನು’ ಅಂತ ಅವನ ಪ್ರತಿ ಬೌಂಡರಿಗೂ ಚಪ್ಪಾಳೆ ಹೊಡೆದರು. ಸಂಜೆ ಭಾರತ ಚೆನ್ನಾಗಿಯೇ ಆಡಿತು. ದಿನದ ಕೊನೆಯ ಚೆಂಡಿಗೆ ಕೊಹ್ಲಿ 70ಕ್ಕೆ ಔಟಾದಾಗ ಮಾತ್ರ ಮನೆಯಲ್ಲಿ ಯಾರೂ ಮಾತಾಡಲಿಲ್ಲ. 3ಕ್ಕೆ 231.

ನಾಲ್ಕನೇ ದಿನ: ಶನಿವಾರ, ಕೊಪ್ಪಳ–ಗಂಗಾವತಿ–ಸಿಂಧನೂರು–ರಾಯಚೂರು

ಗಂಗಾವತಿ ದಾಟಿದರೆ ಎಡಕ್ಕೂ ಬಲಕ್ಕೂ ಭತ್ತ. ಎಡದಂಡೆ ಕಾಲುವೆಯ ನೀರು ಕುಡಿದ ಹಸಿರು, ತೆನೆ ಬಾಗಲು ಇನ್ನು ಸ್ವಲ್ಪ ದಿನ ಬೇಕು. ಬಸ್ಸಿನಲ್ಲಿ ಅರ್ಧ ಜನರ ಕಿವಿಯಲ್ಲಿ ಇಯರ್‌ಫೋನು. ಮೊದಲ ಇನ್ನಿಂಗ್ಸಿನಲ್ಲಿ ಸೊನ್ನೆ ಸುತ್ತಿದ್ದ ಸರ್ಫರಾಜ್ ಖಾನ್ ತನ್ನ ಮೊದಲ ಟೆಸ್ಟ್ ಶತಕ ಹೊಡೆದು ಮೈದಾನದ ತುಂಬ ಓಡಾಡಿದ. ಪಕ್ಕದ ಸೀಟಿನ ಮುದುಕರು ತಮಗೆ ಕಾಣಲೆಂದು ನನ್ನ ಫೋನು ತಮ್ಮ ಕಡೆಗೇ ತಿರುಗಿಸಿಕೊಂಡರು.

ಮಳೆ ಬಂದು ಆಟ ನಿಂತ ಹೊತ್ತಿಗೆ ಸಿಂಧನೂರು. ಒಗ್ಗರಣೆ-ಮಿರ್ಚಿ ತಿನ್ನುತ್ತ ಹುಡುಗಿಗೆ 1987ರ ಮಾರ್ಚಿನ ಕಥೆ ಹೇಳಿದೆ. ನನಗೆ ಆಗ ಹತ್ತು ವರ್ಷ. ಅದೇ ಮೈದಾನ, ಎದುರಿಗೆ ಪಾಕಿಸ್ತಾನ. ಮಣಿಂದರ್ ಸಿಂಗ್ 27 ರನ್ನಿಗೆ 7 ವಿಕೆಟ್ ಕಿತ್ತು ಅವರನ್ನು 116ಕ್ಕೆ ಮಡಚಿದರು. ಆದರೆ ನಾವೂ 145ಕ್ಕೇ ಬಿದ್ದೆವು. ಕೊನೆಗೆ ಗೆಲ್ಲಲು 221 ಬೇಕಿತ್ತು. ಚೆಂಡು ಬುಗುರಿಯಂತೆ ತಿರುಗುತ್ತಿದ್ದ ಆ ಪಿಚ್ಚಿನಲ್ಲಿ ಗಾವಸ್ಕರ್ 96. ಅದು ಅವರ ಕೊನೆಯ ಟೆಸ್ಟ್ ಇನ್ನಿಂಗ್ಸ್. ರೇಡಿಯೊ ಮುಂದೆ ಅಪ್ಪ ನೆಲಕ್ಕೆ ಕೂತು ಬರೆಯುತ್ತಿದ್ದರು. ಗಾವಸ್ಕರ್ ಔಟಾದಾಗ ಪೆನ್ನು ಎತ್ತಿ, ಕ್ಯಾಪು ಹಾಕಿ, ಮತ್ತೆ ಕ್ಯಾಪು ತೆಗೆದು ಮುಂದಿನ ಹೆಸರು ಬರೆದರು. 204ಕ್ಕೆ ಆಲ್‌ಔಟ್, 16 ರನ್ನಿನಿಂದ ಸೋತೆವು. ಆ ಮೈದಾನದಲ್ಲಿ ಆಡಿದ ಇನ್ನಿಂಗ್ಸುಗಳಲ್ಲಿ ಯಾವುದು ದೊಡ್ಡದು ಅಂದರೆ ಯೂನಿಸ್ ಖಾನ್ 267 ಅಂತ ದಾಖಲೆ ಹೇಳುತ್ತದೆ. ನಾನು ಮಾತ್ರ ಆ 96 ಅಂತಲೇ ಹೇಳುವವನು.

ಅವಳು ಕೇಳಿದಳು, ‘ನೀವು ಹೋಗಿ ನೋಡೀರೇನು?’

ಹೋಗಿದ್ದೇನೆ. 1996ರ ಅಕ್ಟೋಬರ್ 21, ಟೈಟನ್ ಕಪ್ ಏಕದಿನ ಪಂದ್ಯ, ಎದುರಿಗೆ ಆಸ್ಟ್ರೇಲಿಯಾ. ಅಪ್ಪ ನನ್ನನ್ನು ಕರೆದುಕೊಂಡು ಹಂಪಿ ಎಕ್ಸ್‌ಪ್ರೆಸ್ ಹತ್ತಿದ್ದರು. 216 ಹೊಡೆಯಬೇಕು, ಸಚಿನ್ 88ಕ್ಕೆ ಔಟ್, 164ಕ್ಕೆ ಎಂಟು ವಿಕೆಟ್ ಹೋದವು. ಜನ ಎದ್ದು ಬಾಗಿಲ ಕಡೆ ನಡೆಯತೊಡಗಿದರು. ನಮಗೆ ರೈಲಿನ ಹೊತ್ತಾಗಿತ್ತು, ಹೋಗೋಣ ಅಂದೆ. ‘ಒಂದ್ ಸಲ ನಡುವ ಬಿಟ್ಟು ಬಂದೀನಿ, ಇನ್ನೊಮ್ಮೆ ಬರಂಗಿಲ್ಲ’ ಅಂದರು ಅಪ್ಪ. ಕ್ರೀಸಿನಲ್ಲಿ ಮೈಸೂರಿನ ಶ್ರೀನಾಥ್, ಬೆಂಗಳೂರಿನ ಕುಂಬ್ಳೆ. ಕುಂಬ್ಳೆಯ ತಾಯಿ ಸ್ಟ್ಯಾಂಡಿನಲ್ಲಿ ಕೂತು ನೋಡುತ್ತಿದ್ದುದನ್ನು ಟಿವಿಯಲ್ಲಿ ತೋರಿಸಿದರಂತೆ. ನಮಗೆ ಕಾಣಿಸುತ್ತಿದ್ದುದು ಎರಡು ಬ್ಯಾಟು ಮಾತ್ರ. ಒಂದೊಂದು ರನ್ನಿಗೂ ನಡೆದುಹೋದವರು ವಾಪಸು ಬರುತ್ತಿದ್ದರು. ಮುರಿಯದ 52 ರನ್ನಿನ ಜೊತೆಯಾಟ, ಎರಡು ವಿಕೆಟ್ಟಿನ ಗೆಲುವು. ಆ ಪುಸ್ತಕ ನನ್ನ ಬಳಿ ಇದೆ. ಕೊನೆಯ ಹಾಳೆಯ ಹಿಂಬದಿಗೆ ಬೆರಳಾಡಿಸಿದರೆ ಅಪ್ಪ ಒತ್ತಿ ಬರೆದ ಚುಕ್ಕಿಗಳು ಇವತ್ತಿಗೂ ಉಬ್ಬಿ ಸಿಗುತ್ತವೆ. ಎರಡು ಕಡೆ ಕಾಗದ ತೂತೇ ಆಗಿದೆ.

ಮಾನ್ವಿ ದಾಟುವಾಗ ಪಂತ್ 99ಕ್ಕೆ ಬೌಲ್ಡ್. ಸರ್ಫರಾಜ್ 150. ಹೊಸ ಚೆಂಡು ಕೈಗೆ ಸಿಕ್ಕ ಮೇಲೆ 54 ರನ್ನಿಗೆ ಏಳು ವಿಕೆಟ್ ಉರುಳಿ 462ಕ್ಕೆ ನಿಂತಿತು. ನ್ಯೂಜಿಲೆಂಡಿಗೆ ಬೇಕಾದದ್ದು 107. ನಾಲ್ಕೇ ಚೆಂಡು ಹಾಕುವಷ್ಟರಲ್ಲಿ ಬೆಳಕು ಹೋಯಿತು. ರಾಯಚೂರಿನಲ್ಲಿ ಇಳಿದಾಗ ನಮಗೂ ಕತ್ತಲು.

ಐದನೇ ದಿನ: ಭಾನುವಾರ, ರಾಯಚೂರು

ಅಪ್ಪನ ಆ ಗೆಳೆಯರು ನನಗೆ ಕಾಕಾ. ಬೆಳಗ್ಗೆ ಆರಕ್ಕೇ ಎಬ್ಬಿಸಿ ಕೋಟೆಗೆ ಕರೆದುಕೊಂಡು ಹೋದರು. ಎಪ್ಪತ್ತೇಳು ವಯಸ್ಸು, ನಮಗಿಂತ ಮುಂದೆ ಮುಂದೆ ನಡೆದರು. ಕೋಟೆಯ ಗೋಡೆಯಲ್ಲಿ ಒಂದು ಕಲ್ಲು ತೋರಿಸಿದರು. ನಲವತ್ತೊಂದು ಅಡಿ ಉದ್ದದ ಒಂದೇ ಕಲ್ಲು, ಮೈಮೇಲೆ ಶಾಸನ. 1294ರಲ್ಲಿ ಕೋಟೆ ಕಟ್ಟಿಸಿದವನ ಹೆಸರು ಅದರಲ್ಲಿದೆ. ಪಕ್ಕದಲ್ಲಿ ಗೆರೆ ಕೊರೆದ ಚಿತ್ರ: ಅದೇ ಕಲ್ಲನ್ನು ಬಂಡಿಯ ಮೇಲೆ ಹೇರಿ ಕೋಣಗಳ ಸಾಲು ಎಳೆಯುತ್ತಿದೆ. ‘ಕಟ್ಟಿಸಿದಾತನ ಹೆಸರು ಬರದಾರ, ಎಳದ ಕೋಣಗಳ ಚಿತ್ರನೂ ಬರದಾರ ನೋಡು’ ಅಂದರು. ಹುಡುಗಿ ಚಿತ್ರದ ಕೋಣಗಳನ್ನು ಎಣಿಸುತ್ತ ಹಿಂದೆ ಉಳಿದಳು.

ವಾಪಸು ಬರುವಾಗ ಕಾಕಾ ಯರೇಗೌಡರ ಮಾತು ತೆಗೆದರು. ರಾಯಚೂರಿನಲ್ಲಿ ಹುಟ್ಟಿದವರು, ರೈಲ್ವೇಸ್ ತಂಡದಲ್ಲಿ ವರ್ಷಗಟ್ಟಲೆ ಬೇರು ಬಿಟ್ಟು ನಿಂತು ಆಡಿದರು, ಕರ್ನಾಟಕದ ನಾಯಕರೂ ಆದರು. ಕ್ರಿಕೆಟ್ ಸಂಸ್ಥೆಯ ಲೆಕ್ಕದಲ್ಲಿ ನಮ್ಮ ಮೂರೂ ಜಿಲ್ಲೆಗಳು ಸೇರುವುದು ರಾಯಚೂರು ವಲಯಕ್ಕೆ. ಈ ವಲಯದ ಮಕ್ಕಳಿಗೆ ತೋರಿಸಲು ನಮಗೆ ಒಂದು ಹೆಸರಿದೆ ಅನ್ನುವುದು ಸಣ್ಣ ಮಾತಲ್ಲ.

ಮನೆಯಲ್ಲಿ ಟಿವಿ ಹಚ್ಚಿದಾಗ ಮೈದಾನ ಒದ್ದೆಯಾಗಿ ಆಟ ತಡವಾಗಿತ್ತು. ಕಾಕಾ ಅಟ್ಟದಿಂದ ತಗಡಿನ ಡಬ್ಬಿ ಇಳಿಸಿದರು. ಮನೆ ಕರಾರಿನ ಕಾಗದ, ಎಲ್‌ಐಸಿ ಪತ್ರಗಳ ಕೆಳಗೆ ನಾಲ್ಕಾಗಿ ಮಡಚಿದ ಮೂರು ಹಾಳೆ. ಮಡಿಕೆ ಬಿಡಿಸಿದ ಕಡೆ ಪುಡಿಯಾಗುತ್ತಿತ್ತು.

ಆ ಟೆಸ್ಟ್ ಅವರಿಗೆ ನಿನ್ನೆ ಮೊನ್ನೆಯದು. ಸ್ಟೇಡಿಯಂ ಇನ್ನೂ ಕಟ್ಟುತ್ತಿದ್ದರು. 1970ರಲ್ಲಿ ಶುರುವಾದ ಕೆಲಸ ಮುಗಿದಿರಲಿಲ್ಲ, ಸಿಮೆಂಟಿನ ವಾಸನೆ ಹೋಗಿರಲಿಲ್ಲ. ಆಗ ಅದು ರಾಜ್ಯ ಕ್ರಿಕೆಟ್ ಸಂಸ್ಥೆಯ ಹೆಸರಿನ ಕೆಎಸ್‌ಸಿಎ ಸ್ಟೇಡಿಯಂ. ಅದನ್ನು ಎಬ್ಬಿಸಿ ನಿಲ್ಲಿಸಲು ಪಟ್ಟು ಹಿಡಿದ ಮಂಡ್ಯದ ವಕೀಲ ಎಂ. ಚಿನ್ನಸ್ವಾಮಿಯವರ ಹೆಸರು ಬಂದದ್ದು ಆಮೇಲೆ. ಭಾರತಕ್ಕೆ ಪಟೌಡಿ ನಾಯಕ, ವೆಸ್ಟ್ ಇಂಡೀಸಿಗೆ ಕ್ಲೈವ್ ಲಾಯ್ಡ್. ನಾಯಕನಾಗಿ ಲಾಯ್ಡ್‌ಗೆ ಅದೇ ಮೊದಲ ಟೆಸ್ಟ್. ಇಬ್ಬರು ಹೊಸ ಹುಡುಗರು ಇಳಿದಿದ್ದರು, ಗಾರ್ಡನ್ ಗ್ರೀನಿಜ್ ಮತ್ತು ವಿವಿಯನ್ ರಿಚರ್ಡ್ಸ್. ಗ್ರೀನಿಜ್ 93 ಮತ್ತು 107. ರಿಚರ್ಡ್ಸ್ 4 ಮತ್ತು 3, ಎರಡೂ ಸಲ ಚಂದ್ರಶೇಖರ್‌ಗೇ ವಿಕೆಟ್ಟು. ‘ಇಂವ ಏನ್ ಆಡ್ತಾನ ಅಂತ ನಕ್ಕೆವು ನಾವು, ನಕ್ಕೆವು’ ಅಂದರು ಕಾಕಾ, ಆ ಎರಡನೇ ‘ನಕ್ಕೆವು’ ಮೆಲ್ಲಗೆ.

ಅಪ್ಪ ಕಾಣದೆ ಹೋದದ್ದು ಲಾಯ್ಡ್ ಅವರ 163. ಆ ಹಾಳೆ ನನ್ನ ಕೈಗೆ ಬಂತು. ಕಾಕಾ ಅವರ ಓರೆ ಅಕ್ಷರದಲ್ಲಿ ನಾಲ್ಕು, ನಾಲ್ಕು, ಒಂದು, ಆರು. ಅಪ್ಪನ ಪುಸ್ತಕದ ಖಾಲಿ ಪುಟದ ಮೇಲೆ ಅದನ್ನಿಟ್ಟೆ. ಸಾಲಿಗೆ ಸಾಲು ಕೂಡಿತು, ಇಬ್ಬರೂ ಒಂದೇ ಅಂಗಡಿಯಲ್ಲಿ ಕೊಂಡ ಪುಸ್ತಕವಲ್ಲವೇ. ಕೊನೆಯ ಹಾಳೆಯಲ್ಲಿ ಭಾರತ 118ಕ್ಕೆ ಆಲ್‌ಔಟ್, 267 ರನ್ನಿನ ಸೋಲು. ಅಲ್ಲಿ ನಮಗೆ ಮೊದಲ ಗೆಲುವು ಸಿಕ್ಕದ್ದು 1977ರ ಫೆಬ್ರವರಿಯಲ್ಲಿ, ಇಂಗ್ಲೆಂಡ್ ಎದುರು. ಚೊಚ್ಚಲ ಟೆಸ್ಟ್ ಆಡುತ್ತಿದ್ದ ಯಜುರ್ವೀಂದ್ರ ಸಿಂಗ್ ಬ್ಯಾಟಿನ ಮೂಗಿನ ಕೆಳಗೇ ನಿಂತು ಏಳು ಕ್ಯಾಚ್ ಹಿಡಿದು ವಿಶ್ವದಾಖಲೆ ಸರಿಗಟ್ಟಿದ ಪಂದ್ಯ ಅದು. ಆಗ ಇಬ್ಬರಿಗೂ ರಜೆ ಸಿಗಲಿಲ್ಲವಂತೆ.

‘ಗೇಟಿನ್ಯಾಗ ಭಾಳ ನೂಕಾಟ ಇತ್ತು. ನಿಮ್ಮಪ್ಪ ನನ್ನ ಕೈ ಬಿಡಲಿಲ್ಲ ನೋಡು. ಒಳಗ ಹೋಗಿ ಕೂತ ಮ್ಯಾಲೆನ ಬಿಟ್ಟ’ ಅಂದರು. ಆವತ್ತು ಅದನ್ನು ಕೇಳಿ ಸುಮ್ಮನೆ ತಲೆಯಾಡಿಸಿದ್ದೆ. ಮರುವರ್ಷ, 2025ರ ಜೂನ್ 4ರಂದು, ಬೆಂಗಳೂರು ತಂಡ ಮೊದಲ ಸಲ ಐಪಿಎಲ್ ಗೆದ್ದ ಮಾರನೇ ದಿನ, ಅದೇ ಮೈದಾನದ ಹೊರಗೆ ಕಾಲ್ತುಳಿತದಲ್ಲಿ 11 ಜನ ಸತ್ತರು. ತಮ್ಮ ಊರಿನ ತಂಡವನ್ನು ಕಣ್ತುಂಬ ನೋಡಲು ಹೋದ ಮಕ್ಕಳು. ಆ ಸಂಜೆ ನನಗೆ ನೆನಪಾದದ್ದು ಕಾಕಾ ಹೇಳಿದ ಆ ಕೈ. ಆ ಮೈದಾನದ ಬಗ್ಗೆ ಬರೆಯುವವರು ಆ 11ನ್ನು ಬಿಟ್ಟು ಇನ್ನು ಬರೆಯಬಾರದು.

ಆಟ ಶುರುವಾದ ಎರಡನೇ ಚೆಂಡಿಗೆ ಬುಮ್ರಾ ಲೇಥಮ್ ಅವರನ್ನು ಕೆಡವಿದಾಗ ಮೂವರೂ ಎದ್ದು ನಿಂತೆವು. ಕಾನ್ವೆಯೂ ಹೋದರು. ಆಮೇಲೆ ವಿಲ್ ಯಂಗ್, ರಚಿನ್ ಇಬ್ಬರೂ ಅಲುಗಾಡಲಿಲ್ಲ. 2ಕ್ಕೆ 110. ನ್ಯೂಜಿಲೆಂಡಿಗೆ ಭಾರತದಲ್ಲಿ ಮೂವತ್ತಾರು ವರ್ಷದ ನಂತರ ಟೆಸ್ಟ್ ಗೆಲುವು.

ಕಾಕಾ ಹಾಳೆಗಳನ್ನು ನನಗೇ ಕೊಟ್ಟರು. ಅವು ಬಸ್ಸಿನ ಅಲುಗಾಟ ತಡೆಯುವಂತಿರಲಿಲ್ಲ. ಹುಡುಗಿ ಅಪ್ಪನ ಪುಸ್ತಕ ತೊಡೆಯ ಮೇಲೆ ತೆಗೆದುಕೊಂಡು, ಖಾಲಿ ಪುಟಗಳಿಗೆ ನಕಲು ಮಾಡುತ್ತೇನೆ ಅಂದಳು. ಕಾಕಾ ಪಕ್ಕದಲ್ಲಿ ಕೂತು ಕನ್ನಡಕ ಏರಿಸಿ ಒಂದೊಂದೇ ಚೆಂಡು ಓದಿ ಹೇಳತೊಡಗಿದರು. ಚುಕ್ಕಿ. ಚುಕ್ಕಿ. ಒಂದು. ಚುಕ್ಕಿ. ಲಾಯ್ಡ್ ನಾಲ್ಕು. ಸಿರುಗುಪ್ಪ ಮೇಲೆ ಬಳ್ಳಾರಿಗೆ ಹೋಗುವ ಮೂರು ಗಂಟೆಯ ಬಸ್ಸು ಬಿಟ್ಟೆವು. ಐದರದ್ದೂ ಬಿಟ್ಟೆವು. ಗ್ರೀನಿಜ್ ಆಗ ಇನ್ನೂ ಎಂಬತ್ತರ ಆಸುಪಾಸಿನಲ್ಲಿದ್ದ.